ಕಿಟಕಿಯಲ್ಲಿದ್ದ ನೀಲಿ ಡಬ್ಬಿ

ಬ್ರೆಂಟ್‌ಫೀಲ್ಡಿನಲ್ಲಿ ಹಾಲೆಂಡಿನಿಂದ ಬಂದು ನೆಲೆಸಿದ ಡಚ್ಚರ ಮನೆಗಳಲ್ಲಿ ಬೀದಿಗಿರುವ ಕಿಟಕಿಗೆ ಪರದೆ ಎಳೆಯುವ ವಾಡಿಕೆ ಇಲ್ಲ. ಎಳೆದರೆ, ಇವರು ಒಳಗೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಅಂಜಿಕೆ. ಹಿಲ್ಕೆ ಬೌಸ್ಮಾಳ ಕಿಟಕಿಯಂತೂ ಅಂಗಡಿಯ ಗಾಜಿನಷ್ಟು ಅಗಲ. ಅವಳ ಊಟದ ಮೇಜು, ಗಂಡ ಸಿಟ್ಸೆ ಒಣಹಾಕಿದ ಉಣ್ಣೆಯ ಕಾಲುಚೀಲ, ಕಿಟಕಿಕಟ್ಟೆಯ ಮೇಲಿನ ಎರಡು ಹೂವಿನ ಕುಂಡ, ಅವುಗಳ ನಡುವಿನ ನೀಲಿ ತಗಡಿನ ಡಬ್ಬಿ, ಎಲ್ಲವೂ ದಾರಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದವು. ಕಂಡರೆ ಕಾಣಲಿ ಎನ್ನುವವಳು ಹಿಲ್ಕೆ. ಅರವತ್ತೆರಡು ವರ್ಷದ ಬಾಳಿನಲ್ಲಿ ಅವಳು ಬಚ್ಚಿಟ್ಟದ್ದು ಏನೂ ಇರಲಿಲ್ಲ, ಬಚ್ಚಿಡಲು ಬರುತ್ತಲೂ ಇರಲಿಲ್ಲ.

ಊರಿನ ಕ್ರೈಸ್ತ ಶಾಲೆಯ ಒಂಬತ್ತನೇ ನಂಬರಿನ ಹಳದಿ ಬಸ್ಸನ್ನು ಅವಳು ಇಪ್ಪತ್ತೆಂಟು ವರ್ಷದಿಂದ ಓಡಿಸುತ್ತಿದ್ದಳು. ಎತ್ತರದ ಹೆಂಗಸು, ಅಗಲ ಭುಜ, ಹಿಂದಿನ ಸೀಟಿನ ಕಿತಾಪತಿಯನ್ನು ಕನ್ನಡಿಯಲ್ಲೇ ಹಿಡಿಯುವ ಕಣ್ಣು. ಮೊದಮೊದಲು ಹತ್ತಿಸಿಕೊಂಡಿದ್ದ ಮಕ್ಕಳ ಮಕ್ಕಳು ಈಗ ಅದೇ ಬಸ್ಸು ಹತ್ತುತ್ತಿದ್ದರು. "ನಿಮ್ಮಪ್ಪನೂ ಅದೇ ಸೀಟಿನ ಕೆಳಗೆ ಚೂಯಿಂಗ್ ಗಮ್ ಅಂಟಿಸ್ತಿದ್ದ. ತೆಗಿ, ಕತ್ತೆ!" ಎಂದು ಅವಳು ಕೂಗಿದರೆ ಎರಡು ತಲೆಮಾರು ಒಟ್ಟಿಗೆ ಬೆಚ್ಚುತ್ತಿತ್ತು.

ಬಸ್ಸು ಹತ್ತಿದವರಿಗೆಲ್ಲ ಒಂದು ಡ್ರೊಪ್, ಇದು ಅವಳ ನಿಯಮ. ಡ್ರೊಪ್ ಎಂದರೆ ಕೋಟಿನ ಗುಂಡಿಯಷ್ಟಿರುವ, ಚೀಪುವ ಕಪ್ಪು ವಸ್ತು. ಒಳಗೆಲ್ಲೋ ಸಿಹಿ ಇದೆ, ಆದರೆ ನಾಲಿಗೆಗೆ ಮೊದಲು ಹತ್ತುವುದು ಉಪ್ಪು. ಹೊರಗಿನವರು ಬಾಯಿಗಿಟ್ಟರೆ ಉಗಿಯಲು ಜಾಗ ಹುಡುಕುತ್ತಾರೆ. ಈ ಊರಿನವರಿಗೆ ಹಲ್ಲು ಮೂಡುವ ಮೊದಲೇ ಅದರ ರುಚಿ ಹತ್ತಿರುತ್ತದೆ. ಕೆಮ್ಮಿಗೆ ಅದೇ, ಬೇಸರಕ್ಕೆ ಅದೇ. ಭಾನುವಾರದ ಚರ್ಚಿನಲ್ಲಿ ಪಾದ್ರಿಯ ಉಪದೇಶಕ್ಕೆ ಮೂರು ಭಾಗವಿದ್ದರೆ ಬೆಂಚಿನುದ್ದಕ್ಕೂ ಡಬ್ಬಿ ಮೂರು ಸಲ ಕೈ ಬದಲಾಯಿಸುತ್ತದೆ. ಮೂರನೆಯ ಡ್ರೊಪ್ ಕರಗಿದ ಮೇಲೂ ಉಪದೇಶ ಮುಗಿಯದಿದ್ದರೆ ಅದು ಪಾದ್ರಿಯ ತಪ್ಪು.

ಎರಡು ವರ್ಷದ ಹಿಂದೆ ಸಿಟ್ಸೆಯ ಮೊಣಕಾಲು ಕೈಕೊಟ್ಟಿತು. ಐವತ್ತು ಹಸುಗಳನ್ನು ಮಾರಿದರು. ಅಲ್ಲಿಯತನಕ ಹಿಲ್ಕೆಗೆ ಬಸ್ಸಿನಿಂದಿಳಿದರೆ ಕೊಟ್ಟಿಗೆ, ಕೊಟ್ಟಿಗೆಯಿಂದ ಬಂದರೆ ಬಸ್ಸು. ಹಾಲು ಕರೆಯುವ ಹೊತ್ತಿನಲ್ಲಿ ಎರಡೂ ಕೈಗೆ ಕೆಲಸ, ಬಾಯಿಗೆ ಏನೂ ಹಾಕುವಂತಿರಲಿಲ್ಲ. ಈಗ ಕೈ ಖಾಲಿ. ಖಾಲಿ ಕೈ ತಾನಾಗಿ ಕಿಟಕಿಕಟ್ಟೆಯ ಡಬ್ಬಿಗೆ ಹೋಗತೊಡಗಿತು. ಅದು ಬರಿದಾಗದಂತೆ ನೋಡಿಕೊಳ್ಳುವವನು ಸಿಟ್ಸೆ. ಪ್ರತಿ ಶನಿವಾರ ಡಚ್ ಅಂಗಡಿಗೆ ಹೋಗಿ ಅರ್ಧ ಕಿಲೋ ಡ್ರೊಪ್ ತಂದು, ಒಂದು ಮಾತೂ ಆಡದೆ ಅವಳ ತಟ್ಟೆಯ ಪಕ್ಕ ಇಡುತ್ತಿದ್ದ. ಮದುವೆಯ ಪ್ರಮಾಣವಚನದ ನಂತರ ಆತನ ಪ್ರೇಮಸಲ್ಲಾಪ ಅಷ್ಟೇ. ಅವಳಿಗೂ ಅಷ್ಟು ಸಾಕಾಗಿತ್ತು.

ಹಸು ಹೋದ ವರ್ಷವೇ ಹಿಲ್ಕೆಗೆ ಸುಸ್ತು ಶುರುವಾಯಿತು. ಮಹಡಿ ಹತ್ತಿದರೆ ತೊಡೆ ನಡುಗುವುದು, ಬಟ್ಟೆ ಒಗೆದು ಮುಗಿಸಿದರೆ ಕುರ್ಚಿಯೇ ಗತಿ.

"ನಿಂಗೆ ಕಾಯ್ಲೆನೂ ಇಲ್ಲ, ಕಷಾಯನೂ ಬೇಡ," ಎಂದಳು ಸಿಟ್ಸೆಯ ಅಕ್ಕ ಟ್ರುಸ್. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಇನ್ನೂ ಹದಿನಾರು. "ಹಸು ಹೋದ ಕೊರಗು ಕಣೆ ಇದು. ಮಕ್ಳು ಮನೆ ಬಿಟ್ಟಾಗ ಒಂದು ಹನಿ ಕಣ್ಣೀರು ಹಾಕ್ದೋಳಲ್ಲ, ಹಸು ಲಾರಿ ಹತ್ತಿದಾಗ ಕೆರೆ ತುಂಬಿಸಿದ್ದೆ."

"ಮಕ್ಳು ಕ್ರಿಸ್‌ಮಸ್ಸಿಗೆ ಬರ್ತಾರೆ ಟ್ರುಸಕ್ಕ, ಹಸು ಬರ್ತಾವಾ?"

ಜನವರಿಯ ಒಂದು ಬೆಳಿಗ್ಗೆ ಸುಸ್ತಿನ ಜೊತೆಗೆ ಇನ್ನೊಂದು ಬಂತು. ಶಾಲಾಬಸ್ಸು ರೈಲುಗೇಟಿನ ಮುಂದೆ ನಿಲ್ಲಲೇಬೇಕು. ಬಾಗಿಲು ತೆರೆದು, ಮಕ್ಕಳನ್ನು ಸುಮ್ಮನಾಗಿಸಿ, ರೈಲಿನ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳಿಯೇ ಮುಂದೆ ಹೋಗಬೇಕು. ಹಿಲ್ಕೆ ನಿಲ್ಲಿಸಿದಳು, ಬಾಗಿಲು ತೆರೆದಳು, ಕಿವಿಗೊಟ್ಟಳು. ಆಗ ಹಳಿ, ಹಿಮ, ಆಕಾಶ ಮೂರೂ ಒಟ್ಟಿಗೆ ಎಡಕ್ಕೆ ವಾಲಿದವು. ಅವಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಲೋಕ ತನ್ನ ಜಾಗಕ್ಕೆ ಬಂತು. ಹಿಂದೆ ನಲವತ್ತೆರಡು ಮಕ್ಕಳು ಡ್ರೊಪ್ ಚೀಪುತ್ತಾ ಕೂತಿದ್ದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಇನ್ನೊಬ್ಬರಾಗಿದ್ದರೆ ನುಂಗಿಕೊಂಡು ಹೋಗುತ್ತಿದ್ದರೋ ಏನೋ. ಹಿಲ್ಕೆ ಬಸ್ಸನ್ನು ಬದಿಗೆ ಹಾಕಿ, ರೇಡಿಯೋದಲ್ಲಿ ಶಾಲೆಗೆ ಹೇಳಿ, ಬೇರೆ ಡ್ರೈವರ್ ಬರುವತನಕ ಮಕ್ಕಳಿಗೆ ಹಾಡು ಹೇಳಿಸಿದಳು. ಆಮೇಲೆ ಮುಖ್ಯೋಪಾಧ್ಯಾಯ ಹಾರ್ಮ್ ಡೆಕ್ಕರನ ಕೋಣೆಗೆ ಹೋಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ತಲೆ ತಿರುಗ್ತು ಹಾರ್ಮ್. ಕಾರಣ ಗೊತ್ತಾಗೋ ತನಕ ನಾನು ಓಡ್ಸಲ್ಲ."

ಹಾರ್ಮ್ ಕೂಡ ಒಂದು ಕಾಲದಲ್ಲಿ ಅವಳ ಬಸ್ಸಿನಲ್ಲಿ ಗಮ್ ಅಂಟಿಸಿದವನೇ. ಅವನು ಬೀಗದ ಕೈಯನ್ನು ಒಂಬತ್ತನೇ ಕೊಕ್ಕೆಗೆ ನೇತುಹಾಕಿದ. "ಆಗಸ್ಟ್ ಕೊನೆ ತನಕ ಇದು ಇಲ್ಲೇ ಇರುತ್ತೆ, ಹಿಲ್ಕೆ ಆಂಟಿ. ಅಲ್ಲೀತನಕ ಬದ್ಲಿ ಡ್ರೈವರ್ ಇನ್ನೊಂದು ಕೀಲೀಲಿ ಓಡಿಸ್ತಾನೆ, ಆಮೇಲೆ ಕಮಿಟಿಯವ್ರು ಕಾಯಂ ಆಗಿ ಬೇರೆಯವ್ರನ್ನ ಹುಡುಕ್ತಾರೆ. ಬೇಗ ವಾಸಿ ಮಾಡ್ಕೊಳಿ."

ವಾಸಿ ಮಾಡಿಕೊಳ್ಳಬೇಕಾದರೆ ಕಾಯಿಲೆಗೆ ಒಂದು ಹೆಸರಾದರೂ ಬೇಡವೇ? ಹಳೆಯ ಡಾಕ್ಟರು ವಯಸ್ಸು ಎಂದರು, ತಾವೇ ಎರಡು ತಿಂಗಳಲ್ಲಿ ನಿವೃತ್ತರಾದರು. ಕಿವಿಯ ಡಾಕ್ಟರು ಅವಳನ್ನು ಮಂಚದ ಮೇಲೆ ಅತ್ತ ಇತ್ತ ಹೊರಳಿಸಿ ಕಿವಿ ಚೆನ್ನಾಗಿದೆ ಎಂದರು. ಹೃದಯದ ಡಾಕ್ಟರು ಎದೆಗೆ ತಂತಿ ಅಂಟಿಸಿ ಎರಡು ದಿನ ಮನೆಗೆ ಕಳಿಸಿದರು. ರಕ್ತದೊತ್ತಡ ಹೆಚ್ಚಿದೆ ಎಂದು ಗೊತ್ತಾಯಿತು, ಏಕೆ ಎಂದು ಗೊತ್ತಾಗಲಿಲ್ಲ. ಮತ್ತೊಬ್ಬರು ಮನಸ್ಸಿಗೆ ಬೇಸರವಿದೆಯೇ ಎಂದು ಮೆಲ್ಲಗೆ ಕೇಳಿದರು. "ಇದೆ," ಎಂದಳು ಹಿಲ್ಕೆ, "ನನ್ನ ಬಸ್ಸು ಬೇರೆಯವ್ರು ಓಡಿಸ್ತಿದ್ದಾರೆ. ಗೇರು ಹಾಕೋ ಸದ್ದು ನಮ್ಮನೇಗೆ ಕೇಳ್ಸುತ್ತೆ."

ಚರ್ಚಿನಲ್ಲಿ ಅವಳ ಹೆಸರು ರೋಗಿಗಳ ಪ್ರಾರ್ಥನೆಗೆ ಸೇರಿತು. ಪ್ರಾರ್ಥನೆ ಮುಗಿದದ್ದೇ ತಡ, ಊರಿಗೆ ಊರೇ ಅವಳ ಮೇಲೆ ಪ್ರೀತಿ ಸುರಿಸತೊಡಗಿತು. ಆ ಊರಿನ ಪ್ರೀತಿ ಬರುವುದು ಒಂದೇ ರೂಪದಲ್ಲಿ. ಬಾಗಿಲಲ್ಲಿ ಕೈಕುಲುಕಿದವರೆಲ್ಲ ಅಂಗೈಯಲ್ಲಿ ನಾಲ್ಕು ಡ್ರೊಪ್ ಒತ್ತಿಹೋದರು. ನೆರೆಯವರು ಚೀಟಿ ಬರೆದು ಚೀಲ ಕಳಿಸಿದರು. ಒಂಬತ್ತನೇ ಬಸ್ಸಿನ ಮಕ್ಕಳೆಲ್ಲ ಸೇರಿ ಒಂದು ಗಾಜಿನ ಭರಣಿ ತುಂಬಿ ಕೊಟ್ಟರು. ಟ್ರುಸ್ ತನ್ನ ತಂಗಿಯ ಮಗಳಿಂದ ಹೇಳಿಕಳಿಸಿ ಹಾಲೆಂಡಿನಿಂದಲೇ ದುಪ್ಪಟ್ಟು ಉಪ್ಪಿನದನ್ನು ತರಿಸಿದಳು. "ಚೀಪೇ, ಶಕ್ತಿ ಬರುತ್ತೆ. ನಮ್ಮಮ್ಮ ತೊಂಬತ್ತಾರು ವರ್ಷ ಬದುಕಿದ್ದು ಇದನ್ನ ಚೀಪ್ಕೊಂಡೇ."

ಸಿಟ್ಸೆ ತರುತ್ತಿದ್ದ ಶನಿವಾರದ ಅರ್ಧ ಕಿಲೋ ಒಂದು ಕಿಲೋ ಆಯಿತು, ಅಷ್ಟೇ. ಹಿಲ್ಕೆ ಯಾರ ಮನಸ್ಸನ್ನೂ ನೋಯಿಸದವಳು, ಏನನ್ನೂ ಬಿಸಾಡದವಳು. ಚೀಪಿದಳು. ಮೇ ತಿಂಗಳ ಹೊತ್ತಿಗೆ ಮಹಡಿಯ ಹದಿಮೂರು ಮೆಟ್ಟಿಲಿಗೆ ಮೂರು ಕಡೆ ಕೂರುವಂತಾಯಿತು. ಏಳನೇ ಮೆಟ್ಟಿಲಿನ ಮೇಲೆ ಕೂತು ಒಂದು ದಿನ ಅವಳು ಬಿಕ್ಕಿಬಿಕ್ಕಿ ಅತ್ತಳು. ಸಾವಿಗೆ ಹೆದರಿ ಅಲ್ಲ. ಏನು ಎಂದು ತಿಳಿಯದೆ, ಸುಮ್ಮನೆ ಒಂದು ಕುರ್ಚಿಯಲ್ಲಿ ಕೂತು ಮುದುಕಿಯಾಗಿಬಿಡುತ್ತೇನಲ್ಲ ಎಂದು.

ಹಳೆಯ ಡಾಕ್ಟರ ಜಾಗಕ್ಕೆ ಬಂದವಳು ನಸ್ತರನ್ ಕಾಶಾನಿ. ಇರಾನಿನಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಓದಿ ಬಂದ ಚಿಕ್ಕ ವಯಸ್ಸಿನ ಹೆಂಗಸು. ಕಡತ ಪೂರ್ತಿ ಓದಿದ ಮೊದಲ ಡಾಕ್ಟರು ಆಕೆಯೇ. ರಕ್ತ ತೆಗೆಸಿ ನೋಡಿ, "ನಿಮ್ಮ ಮೈಯಲ್ಲಿ ಪೊಟ್ಯಾಸಿಯಂ ಅನ್ನೋ ಲವಣ ಇಳಿದುಹೋಗಿದೆ ಮಿಸೆಸ್ ಬೌಸ್ಮಾ, ಸ್ನಾಯುವಿಗೆ ಅದೇ ಜೀವ," ಎಂದಳು. ಅದಕ್ಕೆ ಮಾತ್ರೆ ಕೊಟ್ಟಳು. ಮಾತ್ರೆ ತೆಗೆದುಕೊಂಡ ಹಾಗೇ ಇಳಿಯುತ್ತಲೇ ಹೋಯಿತು. ತೂತಿನ ಕೊಡಕ್ಕೆ ನೀರು ಹೊಯ್ದಂತೆ.

"ಒಂದು ವಾರ ಬಾಯಿಗೆ ಹಾಕಿದ್ದೆಲ್ಲ ಬರೀರಿ," ಎಂದಳು ಡಾಕ್ಟರು.

ಹಿಲ್ಕೆ ಬರೆದಳು. ಅಂಥ ಪ್ರಾಮಾಣಿಕ ಬರಹ ಆ ಜಿಲ್ಲೆಯಲ್ಲೇ ಇರಲಾರದು. ಬೆಳಿಗ್ಗೆ ಎರಡು ಹೋಳು ಬ್ರೆಡ್ಡು, ಚೀಸು. ಹತ್ತು ಗಂಟೆಗೆ ಕಾಫಿ, ಬಿಸ್ಕತ್ತು ಒಂದು. ಒಂದು ತೆಗೆದ ಮೇಲೆ ಬಿಸ್ಕತ್ತಿನ ಡಬ್ಬಿ ಮುಚ್ಚಲಾಗಿದೆ. ರಾತ್ರಿ ಆಲೂಗೆಡ್ಡೆ, ಸೊಪ್ಪು, ಸಾಸೇಜು. ಬುಧವಾರ ಬೇಳೆ ಸೂಪು, ಎರಡು ಬಟ್ಟಲು, ಎರಡನೆಯದು ಆಸೆಗೆ. ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ದ್ರಾಕ್ಷಾರಸ, ಒಂದು ಗುಟುಕು. ಬರೆಯುತ್ತಾ ಅವಳ ಎಡಗೆನ್ನೆ ಉಬ್ಬಿಕೊಂಡೇ ಇತ್ತು. ಅದನ್ನು ಬರೆಯಬೇಕೆಂದು ಅವಳಿಗೆ ಹೊಳೆಯಲಿಲ್ಲ. ಉಸಿರಾಡಿದ ಗಾಳಿಯನ್ನು ಯಾರು ಬರೆಯುತ್ತಾರೆ?

ಡಾಕ್ಟರು ಪಟ್ಟಿಯನ್ನು ಎರಡು ಸಲ ಓದಿದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಳು. "ತಪ್ಪು ತಿಳ್ಕೋಬೇಡಿ. ಗುಟ್ಟಾಗಿ ಏನಾದ್ರೂ ಮಾತ್ರೆ ತಗೋತೀರಾ? ನಾಟಿ ಔಷಧಿ? ಸಿಹಿ ಜಾಸ್ತಿ ತಿನ್ನೋದು? ತಿಂದು ವಾಂತಿ ಮಾಡೋದು?"

ಹಿಲ್ಕೆಯ ಮುಖ ಕೆಂಪಾಯಿತು. "ಡಾಕ್ಟ್ರೇ, ನೀವು ದಿನಾ ನಮ್ಮನೆ ಮುಂದೇನೇ ಹೋಗ್ತೀರಲ್ಲ. ಕಿಟಕಿಗೆ ಪರದೆ ಇದ್ಯಾ?"

"ಇಲ್ಲ. ಎರಡು ಹೂವಿನ ಕುಂಡ ಇವೆ, ಮಧ್ಯ ಒಂದು ನೀಲಿ ಡಬ್ಬಿ."

"ಅಷ್ಟೇ ನನ್ನ ಗುಟ್ಟು."

ಡಾಕ್ಟರು ಕ್ಷಮೆ ಕೇಳಿದಳು. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆಯೇನಾದರೂ ಇದ್ದೀತು ಎಂದು ದೊಡ್ಡ ಆಸ್ಪತ್ರೆಗೆ ಸ್ಕ್ಯಾನಿಗೆ ಬರೆದಳು. ಅದರ ಸರದಿ ಬಂದದ್ದು ಆಗಸ್ಟಿನಲ್ಲಿ. ಗಡ್ಡೆ ಇಲ್ಲ ಎಂಬ ವರದಿ ಬಂದಾಗ ಸಿಟ್ಸೆ ದೇವರಿಗೆ ವಂದಿಸಿದ, ಕಾರಣ ಈಗಲೂ ಸಿಗಲಿಲ್ಲವಲ್ಲ ಎಂದು ಹಿಲ್ಕೆ ಕ್ಯಾಲೆಂಡರ್ ನೋಡಿದಳು. ಶಾಲೆ ಶುರುವಾಗಲು ಎಂಟು ದಿನ ಉಳಿದಿತ್ತು.

"ನಿಮ್ಮ ಮೈಯಲ್ಲಿ ಉಪ್ಪು ಹಿಡಿದಿಡೋ ಹಾರ್ಮೋನು ವಿಪರೀತ ಇರೋ ಹಾಗೆ ಎಲ್ಲಾ ಲಕ್ಷಣಾನೂ ಇದೆ," ಎಂದಳು ಡಾಕ್ಟರು. "ಆದ್ರೆ ಅಳೆದು ನೋಡಿದ್ರೆ ಆ ಹಾರ್ಮೋನೇ ಇಲ್ಲ. ಬೇರೆ ಯಾವ್ದೋ ಅದರ ವೇಷ ಹಾಕ್ಕೊಂಡು ಕೂತ ಹಾಗಿದೆ. ಏನು ಅಂತ ನಂಗೆ ಗೊತ್ತಾಗ್ತಿಲ್ಲ. ಕಾರಣ ಗೊತ್ತಿಲ್ದೆ, ಬಸ್ಸು ಓಡಿಸೋಕೆ ಯೋಗ್ಯ ಅನ್ನೋ ಕಾಗದಕ್ಕೆ ಸಹಿ ಹಾಕೋಕಾಗಲ್ಲ ಮಿಸೆಸ್ ಬೌಸ್ಮಾ."

"ನೀವು ಹಾಕಿದ್ರೂ ನಾನು ಹತ್ತಲ್ಲಮ್ಮ. ನಲವತ್ತೆರಡು ಮಕ್ಳು." ಹಿಲ್ಕೆ ಕಷ್ಟಪಟ್ಟು ಎದ್ದಳು. ಕಣ್ಣು ತುಂಬಿದ್ದರೂ ಶಿಷ್ಟಾಚಾರ ಬಿಡುವವಳಲ್ಲ. ಒಂದು ಕೆಲಸ ಮುಗಿದು ಬೀಳ್ಕೊಡುವಾಗ ಹೇಗೆ ಮಾಡಬೇಕೋ ಹಾಗೆ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದು ಮುಂದೆ ಹಿಡಿದಳು. "ತುಂಬಾ ಕಷ್ಟಪಟ್ರಿ. ತಗೊಳಿ. ಇವ್ರು ಒಬ್ರಾದ್ರೂ ನನ್ನ ಮಾತು ಪೂರ್ತಿ ಕೇಳಿದ್ರು ಅಂತ ಮನೇಲಿ ಹೇಳ್ತಿರ್ತೀನಿ."

ಬೇಡ ಎನ್ನಲು ಡಾಕ್ಟರಿಗೆ ಮನಸ್ಸಾಗಲಿಲ್ಲ. ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ಉಗಿಯಲು ಕಸದಬುಟ್ಟಿಯ ಕಡೆ ತಿರುಗಿದವಳು ಹಾಗೇ ನಿಂತಳು. ಉಪ್ಪಿನ ಹಿಂದಿನಿಂದ ಒಂದು ಸಿಹಿ ನಿಧಾನವಾಗಿ ಮೇಲೆ ಬರುತ್ತಿತ್ತು. ಆಕೆಗೆ ಅದು ಚೆನ್ನಾಗಿ ಗೊತ್ತಿದ್ದ ಸಿಹಿ. ಚಿಕ್ಕಂದಿನಲ್ಲಿ ಹೊಟ್ಟೆನೋವು ಎಂದರೆ ಅಜ್ಜಿ ಒಂದು ಬೇರು ಕುದಿಸಿ ಕುಡಿಸುತ್ತಿದ್ದಳು. ನಮ್ಮ ಕಡೆ ಕೆಮ್ಮಿಗೆ ಚೀಪಿಸುವ ಜೇಷ್ಠಮಧುವಿನ ಬೇರು ಅದೇ.

"ಇದ್ರಲ್ಲಿ ಜೇಷ್ಠಮಧು ಇದ್ಯಾ?"

"ಇರದೆ ಏನು? ಆ ಬೇರಿನ ರಸ ಕಾಯಿಸೇ ಡ್ರೊಪ್ ಮಾಡೋದು."

"ದಿನಕ್ಕೆ ಎಷ್ಟು ತಿಂತೀರಿ?"

"ತಿನ್ನಲ್ಲ, ಚೀಪ್ತೀನಿ. ಯಾರು ಎಣಿಸ್ತಾರೆ? ಶನಿವಾರ ಸಿಟ್ಸೆ ಒಂದು ಕಿಲೋ ತರ್ತಾನೆ. ಶುಕ್ರವಾರಕ್ಕೆ ಖಾಲಿ. ಜನ ಕೊಡೋದು ಬೇರೆ."

ಡಾಕ್ಟರು ಕುರ್ಚಿಯ ಮೇಲೆ ಕೂತೇಬಿಟ್ಟಳು. "ಮಾತ್ರೆ ಕೇಳ್ದೆ, ಮೂಲಿಕೆ ಕೇಳ್ದೆ, ಸಿಹಿ ಕೇಳ್ದೆ! ಬಾಯಿಗೆ ಹಾಕಿದ್ದೆಲ್ಲ ಬರೀರಿ ಅಂದೆ!"

"ಮಾತ್ರೆ ಅಲ್ಲ ಇದು. ಸಿಹಿನೂ ಅಲ್ಲ, ಉಪ್ಪು. ಊಟ ಅಂತೂ ಅಲ್ವೇ ಅಲ್ಲ."

"ಮತ್ತೇನು?"

"ಡ್ರೊಪ್," ಎಂದಳು ಹಿಲ್ಕೆ, ಇನ್ನು ಹೇಗೆ ಬಿಡಿಸಿ ಹೇಳುವುದೋ ತಿಳಿಯದೆ.

ಡಾಕ್ಟರು ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು, ಹಿಲ್ಕೆಯ ಎರಡೂ ಕೈ ಹಿಡಿದಳು. ವೇಷ ಹಾಕಿಕೊಂಡು ಕೂತಿದ್ದು ಇದೇ. ಅಪರೂಪಕ್ಕೊಂದಾದರೆ ತಂಟೆಯಿಲ್ಲ, ಹೀಗೆ ಹೊತ್ತು ಹೊತ್ತಿಗೂ ಚೀಪಿದರೆ ಜೇಷ್ಠಮಧುವಿನ ರಸ ಆ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ, ಮೈಯ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಒತ್ತಡ ಏರುತ್ತದೆ, ಕೈಕಾಲು ಸೋಲುತ್ತವೆ, ತಲೆ ತಿರುಗುತ್ತದೆ. "ಇವತ್ತಿಂದ ಒಂದೂ ಇಲ್ಲ. ರಕ್ತ ನೋಡ್ತಾ ಇರ್ತೀನಿ. ಸರಿಹೋದ್ರೆ ಅಕ್ಟೋಬರಿಗೆ ನಾನೇ ಸಹಿ ಹಾಕ್ತೀನಿ." ಆಮೇಲೆ ಹಾರ್ಮ್ ಡೆಕ್ಕರನಿಗೆ ಅಲ್ಲಿಂದಲೇ ಫೋನು ಮಾಡಿ ಬೀಗದ ಕೈಯನ್ನು ಇನ್ನೂ ಐದು ವಾರ ಕೊಕ್ಕೆಯಲ್ಲೇ ಬಿಡಲು ಹೇಳಿದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಸಂಜೆಯೊಳಗೆ ಬ್ರೆಂಟ್‌ಫೀಲ್ಡಿನ ಮನೆಮನೆಗೂ ಮುಟ್ಟಿತು. ಎಲ್ಲರೂ ನಕ್ಕರು. ಸಿಟ್ಸೆ ಮಾತ್ರ ನಗಲಿಲ್ಲ. ಕಿಟಕಿಕಟ್ಟೆಯ ಡಬ್ಬಿಯನ್ನೊಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೊರಗೆ ಹೋದ.

ಊಟದ ಹೊತ್ತಾದರೂ ಬರದಿದ್ದಾಗ ಹಿಲ್ಕೆ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಖಾಲಿ ಕೊಟ್ಟಿಗೆಯಲ್ಲಿ ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ.

"ಒಂದು ಕಿಲೋ," ಎಂದ ಅವನು, ತಲೆ ಎತ್ತದೆ. "ನೀನು ಸೋತಷ್ಟೂ ನಾನು ಜಾಸ್ತಿ ತಂದೆ. ಇಲಿಗೆ ಪಾಷಾಣ ಇಡೋ ಹಾಗೆ ತಟ್ಟೆ ಪಕ್ಕ ಇಟ್ಟೆ."

"ಸಾಕು ಬಿಡು ಮಾರಾಯ. ಪಾಷಾಣ ಇಡೋನು ಹಿಮದಲ್ಲಿ ಹತ್ತು ಮೈಲಿ ಗಾಡಿ ಓಡಿಸ್ಕೊಂಡು ಹೋಗಿ ತರ್ತಾನಾ? ಮಂಡಿ ಆಪರೇಷನ್ ಆದ ವಾರಾನೂ ಹೋಗಿದ್ದೆ, ಕೋಲೂರ್ಕೊಂಡು." ಅವಳು ಅವನ ಪಕ್ಕ ಇನ್ನೊಂದು ಬಕೆಟ್ ಬೋರಲು ಹಾಕಿಕೊಂಡು ಕೂತಳು. "ನಂಗೆ ಡ್ರೊಪ್ ಮೇಲೆ ಅಷ್ಟು ಆಸೆ ಇರ್ಲಿಲ್ಲ ಸಿಟ್ಸೆ. ನೀನು ತರ್ತೀಯಲ್ಲ ಅಂತ ಆಸೆ."

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡ ಮಾತನ್ನು ಇಬ್ಬರಲ್ಲಿ ಯಾರೂ ಆಡಿರಲಿಲ್ಲ. ತಾನೂ ಇನ್ನು ಡ್ರೊಪ್ ಮುಟ್ಟುವುದಿಲ್ಲ ಎಂದ ಸಿಟ್ಸೆ.

ಮೊದಲ ಎರಡು ವಾರ ಹಿಲ್ಕೆಯ ಸಿಡುಕಿಗೆ ಬೆಕ್ಕೂ ಮನೆ ಬಿಟ್ಟಿತು. ಚರ್ಚಿನ ಬಾಗಿಲಲ್ಲಿ ಟ್ರುಸ್ ಪೊಲೀಸಿನವಳಂತೆ ನಿಂತಳು. "ಯಾರೂ ಇವ್ಳ ಕೈಗೆ ಏನೂ ಕೊಡ್ಬೇಡಿ! ನಮ್ಮ ಪ್ರೀತಿ ಇವ್ಳಿಗೆ ಜೀರ್ಣ ಆಗಲ್ವಂತೆ!" ಶನಿವಾರ ಸಿಟ್ಸೆ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದ, ತಟ್ಟೆಯ ಪಕ್ಕದ ಖಾಲಿ ಜಾಗವನ್ನು ಇಬ್ಬರೂ ನೋಡದ ಹಾಗೆ ನೋಡಿದರು. ಮೂರನೆಯ ವಾರ ಹಿಲ್ಕೆ ಹದಿಮೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ನಂಬಿಕೆ ಬಾರದೆ ಇಳಿದು ಮತ್ತೆ ಹತ್ತಿದಳು. ಅಕ್ಟೋಬರಿನ ಮೊದಲ ವಾರ ಡಾಕ್ಟರು ಸಹಿ ಹಾಕಿದಳು. ಲೈಸೆನ್ಸಿನವರೂ ಒಪ್ಪಿದರು. ಹಾರ್ಮ್ ಒಂಬತ್ತನೇ ಕೊಕ್ಕೆಯಿಂದ ಬೀಗದ ಕೈ ತೆಗೆದು ಎರಡೂ ಕೈಯಲ್ಲಿ ಕೊಟ್ಟ.

ಸೋಮವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಒಂಬತ್ತನೇ ಬಸ್ಸು ಬೌಸ್ಮಾರ ಮನೆಯ ದಾರಿಗೆ ಬಂದಾಗ ರಸ್ತೆಯಂಚಿನಲ್ಲಿ ಸಿಟ್ಸೆ ಕಾಗದದ ಚೀಲ ಹಿಡಿದು ನಿಂತಿದ್ದ. ಹಿಲ್ಕೆ ನಿಲ್ಲಿಸಿದಳು. ಕೆಂಪು ದೀಪ ಮಿನುಗಿತು, ಹಿಂದೆ ಬರುತ್ತಿದ್ದ ವಾಹನಗಳೆಲ್ಲ ನಿಂತವು. ಅವನು ಹತ್ತಿ, ಚೀಲವನ್ನು ಅವಳ ಪಕ್ಕದಲ್ಲಿಟ್ಟ. ಒಳಗೆ ಒಂದು ಚಿಪ್ಪು ಬಾಳೆಹಣ್ಣು.

"ಪೊಟ್ಯಾಸಿಯಂ ಇದ್ಯಂತೆ," ಎಂದ.

"ಇವತ್ತು ಶನಿವಾರ ಅಲ್ವಲ್ಲ."

"ಅಲ್ಲ." ಅವನು ಇಳಿಯಲಿಲ್ಲ. ಮೊದಲ ಸೀಟಿನಲ್ಲಿದ್ದ ಇಬ್ಬರು ಹುಡುಗಿಯರನ್ನು ಸರಿಸಿ ಕೂತ. ಬಸ್ಸಿಗೆ ಬಸ್ಸೇ ಕಿಸಕ್ಕೆಂದಿತು.

ಹಿಲ್ಕೆ ಮಕ್ಕಳ ಡಬ್ಬಿಯನ್ನು ಅವನ ಮುಂದೆ ಹಿಡಿದಳು. "ಹತ್ತಿದವ್ರಿಗೆಲ್ಲ ಒಂದು. ನಿಯಮ."

"ನಾನು ಬಿಟ್ಟಿದೀನಿ ಅಂದ್ನಲ್ಲ."

"ನಂಗೆ ಬೇಡ ಅಂದಿದ್ದು ಡಾಕ್ಟ್ರು, ನಿಂಗಲ್ಲ. ತಗೋ, ಕಾರುಗಳು ಕಾಯ್ತಿವೆ."

ಅವನು ತೆಗೆದು ಬಾಯಿಗೆ ಹಾಕಿಕೊಂಡ, ಕಣ್ಣು ತುಂಬಿದ್ದು ಕಾಣದಿರಲೆಂದು ಹೊರಗೆ ನೋಡಿದ. ಅವಳು ಬಾಗಿಲು ಮುಚ್ಚಿ ಹೊರಟಳು. ರೈಲುಗೇಟಿನ ಮುಂದೆ ಬಸ್ಸು ನಿಂತಿತು. ಬಾಗಿಲು ತೆರೆಯಿತು, ಮಕ್ಕಳು ಸುಮ್ಮನಾದರು. ಹಿಲ್ಕೆ ಸ್ಟಿಯರಿಂಗನ್ನು ಹಿಡಿದು, ಕಿವಿಗೊಟ್ಟು ಕಾದಳು. ಹಳಿಗಳು ಇದ್ದಲ್ಲೇ ಇದ್ದವು. ಆಕಾಶವೂ ಇತ್ತು.

"ಏನಾದ್ರೂ ಕೇಳ್ಸುತ್ತಾ?" ಎಂದ ಸಿಟ್ಸೆ, ಮೆಲ್ಲಗೆ.

"ನೀನು ಚೀಪೋ ಸದ್ದು," ಎಂದು ಹಿಲ್ಕೆ ಬಸ್ಸನ್ನು ಹಳಿ ದಾಟಿಸಿದಳು.